ಬೆಳಗ್ಗೆ ಹಾಕಿದ ಬಟ್ಟೆ ಸಂಜೆವರೆಗೂ ಹಿತವಾಗಿರಬೇಕು: ನೀವೆಲ್ಲ ದಿನಾ ಏನು ಹಾಕುತ್ತೀರಿ?

ಬಂಗಾರಪೇಟೆ ಮೆಮು

ಎಲ್ಲರಿಗೂ ನಮಸ್ಕಾರ. ಕೋಲಾರದ ಮನೆಯಿಂದ ಸ್ಕೂಟರಿನಲ್ಲಿ ಬಂಗಾರಪೇಟೆ ಸ್ಟೇಷನ್, ಅಲ್ಲಿಂದ ಮೆಮು ರೈಲಿನಲ್ಲಿ ಬೆಂಗಳೂರು, ಸಂಜೆ ಅದೇ ದಾರಿಯಲ್ಲಿ ವಾಪಸ್. ಭಾನುವಾರ ಬಿಟ್ಟರೆ ದಿನಾ ಇದೇ. ಸೀಟು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ನಿಂತೇ ಹೋಗಬೇಕು. ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ, ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಬರುವಾಗ ತರಕಾರಿ, ಬಂದ ಮೇಲೆ ಒಲೆ.

ಈ ಇಡೀ ದಿನಕ್ಕೆ ಹೊಂದುವ ಬಟ್ಟೆ ಯಾವುದು? ಸೀರೆ ಉಟ್ಟರೆ ಲಾಡಿ ಕಟ್ಟಿದ ಜಾಗದಲ್ಲಿ ಉರಿ. ಲೆಗ್ಗಿನ್ಸ್ ಹಾಕಿದರೆ ಬೇಸಿಗೆಯಲ್ಲಿ ತೊಡೆ ಬೆವತು ಕಡಿತ. ಕಾಟನ್ ಅಂತ ಅಂಗಡಿಯವರು ಕೊಟ್ಟ ಕುರ್ತಾ ಮಧ್ಯಾಹ್ನದ ಹೊತ್ತಿಗೆ ಬೆನ್ನಿಗೆ ಅಂಟುತ್ತದೆ. ಸರಿ ಅಂತ ಸಡಿಲ ಪ್ಯಾಂಟು, ಸಡಿಲ ಅಂಗಿ ಹಾಕಿ ಹೊರಟರೆ 'ಇದೇನಮ್ಮ, ಹಾಸಿಗೆಯಿಂದ ಎದ್ದು ಹಾಗೇ ಹೊರಟ ಹಾಗಿದೆ' ಅನ್ನುತ್ತಾರೆ ನಮ್ಮತ್ತೆ.

ನನಗೆ ಫ್ಯಾಷನ್ ಬೇಡ. ನೋಡೋಕೆ ಲಕ್ಷಣವಾಗಿರಬೇಕು, ಮೈಗೆ ಹಿತವಾಗಿರಬೇಕು, ಸ್ಕೂಟರಿಗೂ ರೈಲಿಗೂ ಆಗಬೇಕು. ಹೆಂಗಸರು, ಗಂಡಸರು ಯಾರಾದರೂ ಹೇಳಿ. ನೀವು ಏನು ಹಾಕುತ್ತೀರಿ, ಎಲ್ಲಿ ಹೊಲಿಸುತ್ತೀರಿ, ಹೇಗೆ ಒಗೆಯುತ್ತೀರಿ, ಎಲ್ಲವೂ ಬೇಕು.

ಅಂತರಗಂಗೆ ಗಾಳಿ

ಅಕ್ಕ, ನಾನು ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಪರೀಕ್ಷೆ ಮಾಡುವ ಕಡೆ ಇದ್ದೇನೆ. ಬೆನ್ನಿಗೆ ಅಂಟುತ್ತದೆ ಅಂದಿರಲ್ಲ, ಅದು ಬಹುಶಃ ಪೂರ್ತಿ ಹತ್ತಿ ಅಲ್ಲ. ನೂರು ಗ್ರಾಂ ಒಣ ಹತ್ತಿ ಸಾಮಾನ್ಯ ಹವೆಯಲ್ಲಿ ಸುಮಾರು 8 ಗ್ರಾಂ ತೇವ ತನ್ನೊಳಗೆ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಎಳೆಯುವುದಿಲ್ಲ. ಹಾಗಾಗಿ ಬೆವರು ಬಟ್ಟೆಗೆ ಇಳಿಯದೆ ಮೈಮೇಲೇ ನಿಲ್ಲುತ್ತದೆ. ಅಂಗಡಿಯಲ್ಲಿ 'ಕಾಟನ್ ಮಿಕ್ಸ್', 'ಕಾಟನ್ ಫೀಲ್' ಅಂತ ಹೇಳಿದರೆ ಒಳಗಿನ ಚೀಟಿ ತಿರುಗಿಸಿ ನೋಡಿ.

ಚೀಟಿ ಇಲ್ಲದ ಬಟ್ಟೆಯಾದರೆ ಹೊಲಿಗೆ ಅಂಚಿನಿಂದ ಎರಡು ಎಳೆ ಕಿತ್ತು, ಬಚ್ಚಲಲ್ಲಿ ತಟ್ಟೆ ಮೇಲೆ ಇಟ್ಟು ಕಡ್ಡಿ ಗೀರಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಕಂಡರೆ ಮಿಶ್ರ.

ರೇಯಾನ್ ಬಗ್ಗೆಯೂ ಒಂದು ಮಾತು. ಈಗ ಮಾರುಕಟ್ಟೆ ತುಂಬ ರೇಯಾನ್ ಕುರ್ತಾಗಳೇ. ಹತ್ತಿಗಿಂತ ಜಾಸ್ತಿ ತೇವ ಹೀರುತ್ತದೆ, ಮೆತ್ತಗೆ ಬೀಳುತ್ತದೆ, ಹಾಕೋಕೆ ತುಂಬಾ ಚೆನ್ನ. ಆದರೆ ನೆನೆದಾಗ ಅದರ ಬಲ ಅರ್ಧದಷ್ಟು ಇಳಿದುಬಿಡುತ್ತದೆ. ಜೋರಾಗಿ ಹಿಂಡಿ, ಕಲ್ಲಿಗೆ ಬಡಿದರೆ ಬೇಗ ಹೋಗುತ್ತದೆ. ಕೈಯಲ್ಲಿ ಅದುಮಿ ನೀರು ತೆಗೆದು ನೆರಳಲ್ಲಿ ಹಾಕಿ.

ಇನ್ನೊಂದು ವಿಷಯ ನಮ್ಮೂರಿನದು. ಜೀವನದಿ ಇಲ್ಲದ ಜಿಲ್ಲೆ ನಮ್ಮದು, ಹೆಚ್ಚಿನ ಮನೆಗಳಲ್ಲಿ ಕೊಳವೆಬಾವಿಯ ಗಡಸು ನೀರೇ ಗತಿ. ಗಡಸು ನೀರಿಗೆ ಬಾರ್ ಸೋಪು ಹಾಕಿದರೆ ನೊರೆ ಬರುವುದಿಲ್ಲ, ಬಿಳಿ ಗಸಿ ಬರುತ್ತದೆ. ಅದೇ ಬಟ್ಟೆಯಲ್ಲಿ ಕೂತು ಒರಟಾಗಿಸುತ್ತದೆ. ಒಳ್ಳೆ ಕಾಟನ್ ಬಟ್ಟೆ ಕೂಡ ನಾಲ್ಕು ಒಗೆತಕ್ಕೆ ಕೆರೆಯುವ ಹಾಗಾಗೋದು ಇದರಿಂದಲೇ. ಗಡಸು ನೀರಿಗೆ ಡಿಟರ್ಜೆಂಟ್ ವಾಸಿ, ಅದೂ ಸ್ವಲ್ಪವೇ ಹಾಕಿ. ಮಳೆ ನೀರು ಇದ್ದರೆ ಕೊನೇ ಸಲ ಜಾಲಿಸೋಕೆ ಅದನ್ನು ಇಟ್ಟುಕೊಳ್ಳಿ. ಮಳೆ ನೀರಲ್ಲಿ ಒಗೆದ ಪಂಚೆ ಮುಟ್ಟಿ ನೋಡಿದವರಿಗೆ ಗೊತ್ತು.

ದೊಡ್ಡಪೇಟೆ ಟೈಲರ್

ಮೇಡಂ, ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಕಟಿಂಗ್ ಸರಿ ಇಲ್ಲದಿದ್ದರೆ ಹಿತ ಇರುವುದಿಲ್ಲ. ನಮ್ಮತ್ತೆ ಹೀಗಂದರು ಅಂತ ಬರೆದಿದ್ದೀರಿ. ಅವರು ಹೇಳಿದ್ದರಲ್ಲೂ ಒಂದು ವಿಷಯ ಇದೆ. ಸಡಿಲ ಬಟ್ಟೆ ಸೋಮಾರಿಯಾಗಿ ಕಾಣುವುದು ಭುಜದಿಂದ. ಭುಜದ ಹೊಲಿಗೆ ತೋಳಿನ ಮೇಲೆ ಜಾರಿದರೆ ಯಾರೋ ಬೇರೆಯವರ ಅಂಗಿ ಹಾಕಿದ ಹಾಗೆ ಕಾಣುತ್ತದೆ. ಭುಜ ಮಾತ್ರ ಕರೆಕ್ಟಾಗಿ ಹಿಡಿಸಿ, ಕತ್ತು ಸರಿಯಾಗಿ ಕೂರಿಸಿ, ಎದೆಯಿಂದ ಕೆಳಗೆ ಎಷ್ಟು ಬೇಕೋ ಅಷ್ಟು ಲೂಸ್ ಬಿಡಿಸಿ. ಯಾರೂ ಮಾತಾಡುವುದಿಲ್ಲ.

ಎರಡನೆಯದು ಆರ್ಮ್‌ಹೋಲ್, ಅಂದರೆ ತೋಳು ಜೋಡಿಸುವ ಕಂಡಿ. 'ಕಂಕುಳಲ್ಲಿ ಬಿಗಿ ಆಗ್ತಿದೆ, ಇಳಿಸಿ ಕೊಡಿ' ಅಂತ ಎಲ್ಲರೂ ಕೇಳುತ್ತಾರೆ. ಇಳಿಸಿದರೆ ಕೈ ಕೆಳಗಿದ್ದಾಗ ಆರಾಮ. ಕೈ ಎತ್ತಿದರೆ ಇಡೀ ಕುರ್ತಾ ಮೇಲೆ ಬರುತ್ತದೆ. ನೀವು ರೈಲಿನಲ್ಲಿ ಮೇಲಿನ ಹಿಡಿ ಹಿಡಿದು ನಿಲ್ಲುವವರು, ನಿಮಗೆ ಆರ್ಮ್‌ಹೋಲ್ ಮೇಲಿರಬೇಕು, ತೋಳು ಅಗಲ ಇರಬೇಕು. ಅಳತೆ ಕೊಡುವಾಗ ಎರಡೂ ಕೈ ಎತ್ತಿ ತೋರಿಸಿ. ಟೈಲರ್ ಏನೂ ಅಂದುಕೊಳ್ಳುವುದಿಲ್ಲ.

ಪ್ಯಾಂಟಿನದು ಇನ್ನೂ ಮುಖ್ಯ. ಅಳತೆ ಎಲ್ಲರೂ ನಿಂತು ಕೊಡುತ್ತಾರೆ, ಆದರೆ ದಿನವೆಲ್ಲ ಕೂತಿರುತ್ತಾರೆ. ಕೂತಾಗ ಹೊಟ್ಟೆ, ಸೀಟ್ (ಹಿಂಭಾಗ) ಎರಡೂ ಅಗಲ ಆಗುತ್ತವೆ. ನಮ್ಮ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿ ಸೊಂಟದ ಅಳತೆ ಇನ್ನೊಂದು ಸಲ ತೆಗೆಯುತ್ತೇನೆ. ಆಫೀಸಿಗೆ ಹಾಕುವ ಸಡಿಲ ಪ್ಯಾಂಟಿಗೆ ಮುಂದೆ ಸಪಾಟು ಪಟ್ಟಿ, ಹಿಂದೆ ಮಾತ್ರ ಎಲಾಸ್ಟಿಕ್ ಹಾಕಿಸಿ. ಮುಂದಿನಿಂದ ನೋಡಿದರೆ ಫಾರ್ಮಲ್ ಪ್ಯಾಂಟು, ಕೂತರೆ ಎಲಾಸ್ಟಿಕ್ ಬಿಡುತ್ತದೆ. ಎಲಾಸ್ಟಿಕ್ ಒಂದೂವರೆ ಇಂಚಿಗಿಂತ ಸಣ್ಣದು ಬೇಡ. ಸಣ್ಣದು ಕೊರೆಯುತ್ತದೆ. ಬಾಟಮ್ ತೀರಾ ಅಗಲ ಬೇಡ, ಸ್ಕೂಟರಿನಲ್ಲಿ ಗಾಳಿಗೆ ಹಾರುತ್ತದೆ.

ಹೊಲಿಯೋಕೆ ಕೊಡುವ ಮುಂಚೆ ಕಾಟನ್ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ತನ್ನಿ. ಕುಗ್ಗೋದೆಲ್ಲ ಮೊದಲೇ ಕುಗ್ಗಿಬಿಡಲಿ. ಈ ಒಂದು ಕೆಲಸ ಮಾಡದೆ 'ಬಿಗಿ ಹೊಲಿದುಬಿಟ್ರಿ' ಅಂತ ಜಗಳಕ್ಕೆ ಬರುವವರು ತುಂಬಾ ಜನ.

ಮಾಲೂರು ಮೇಷ್ಟ್ರು

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಆರಾಮ ಬೇಕು ನಿಜ. ಆದರೆ ಈಗ ಆರಾಮದ ಹೆಸರಿನಲ್ಲಿ ಬ್ಯಾಂಕಿಗೂ ಚಡ್ಡಿ, ಶಾಲೆಯ ಪೋಷಕರ ಸಭೆಗೂ ಚಡ್ಡಿ, ಸಾವಿನ ಮನೆಗೂ ಚಡ್ಡಿ ಆಗಿದೆ. ನಾವು ಉಡುವುದು ನಮಗೋಸ್ಕರ ಮಾತ್ರ ಅಲ್ಲ. ಎದುರಿಗಿರುವವರಿಗೆ ನಾವು ಕೊಡುವ ಗೌರವವೂ ಅದರಲ್ಲಿದೆ. ಸರ್ವಿಸಿನಲ್ಲಿ ಇರುವವರೆಗೂ ನಾನು ಇಸ್ತ್ರಿ ಮಾಡಿದ ಬಟ್ಟೆ ಇಲ್ಲದೆ ತರಗತಿಗೆ ಹೋದವನಲ್ಲ. ಮಕ್ಕಳು ಗಮನಿಸುತ್ತಾರೆ.

ಮುಳಬಾಗಿಲು ಪಂಚೆ

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ, ಸಾವಿನ ಮನೆಗೆ ಚಡ್ಡಿ ಸರಿಯಲ್ಲ. ಆದರೆ ಯಾರ ಬಟ್ಟೆ ಮರ್ಯಾದೆಯದ್ದು ಅಂತ ಯಾರು ತೀರ್ಮಾನ ಮಾಡುತ್ತಿದ್ದಾರೆ, ಅದನ್ನೂ ನೋಡಬೇಕು ಅಲ್ವಾ?

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ಸ್ಟೇಷನ್ನಿನಲ್ಲಿ ತಲೆ ಮೇಲೆ ಮೂಟೆ ಹೊತ್ತ ಒಬ್ಬ ರೈತರನ್ನು ಬಟ್ಟೆ ಕೊಳೆಯಾಗಿದೆ ಅಂತ ತಡೆದರು. ಅವರ ಕೈಯಲ್ಲಿ ಟಿಕೆಟ್ ಇತ್ತು. ಸುತ್ತಲಿದ್ದ ಪ್ರಯಾಣಿಕರು ಜಗಳ ಮಾಡಿ ಒಳಗೆ ಕರೆದುಕೊಂಡು ಹೋದರು. ಅದೇ ವರ್ಷ ಜುಲೈನಲ್ಲಿ ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡೋಕೆ ಬೆಂಗಳೂರಿನ ಮಾಲಿಗೆ ಹೋದರೆ, ಪಂಚೆ ಉಟ್ಟಿದ್ದಾರೆ ಅಂತ ಬಿಡಲಿಲ್ಲ. ಬಿಳಿ ಅಂಗಿ, ಬಿಳಿ ಪಂಚೆ. ವಿಷಯ ವಿಧಾನಸಭೆಗೂ ಹೋಯಿತು. ಏಳು ದಿನ ಮಾಲ್ ಮುಚ್ಚಿಸುತ್ತೇವೆ ಅಂತ ಸರ್ಕಾರವೇ ಹೇಳಿತು. ನನಗೆ ಆ ವಿಡಿಯೋ ನೋಡಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ತಂದೆಯೂ ಅದೇ ಬಟ್ಟೆಯಲ್ಲೇ ಜೀವನ ಕಳೆದವರು.

ಬೇಸಿಗೆಗೆ ಪಂಚೆಯಷ್ಟು ಆರಾಮದ ಬಟ್ಟೆ ನಾನು ನೋಡಿಲ್ಲ. ನಾಲ್ಕು ಮೊಳದ್ದನ್ನು ಅಡ್ಡ ಉಟ್ಟರೆ ಮನೆಗೂ ಸಂತೆಗೂ ಆಯಿತು. ಎಂಟು ಮೊಳದ್ದು ಕಚ್ಚೆಗೆ. ಒಳಗೆ ಪಟಾಪಟಿ ಚಡ್ಡಿ ಇದ್ದರೆ ಗಾಳಿ ಬಂತು ಅನ್ನುವ ಭಯವಿಲ್ಲ, ಅದರ ಜೇಬಿನಲ್ಲಿ ದುಡ್ಡೂ ಭದ್ರ. ಕಟ್ಟೋಕೆ ಬಾರದ ಹುಡುಗರಿಗೆ ಈಗ ಅಂಟುಪಟ್ಟಿ ಇರುವ ಪಂಚೆ, ಜೇಬಿರುವ ಪಂಚೆ ಎರಡೂ ಸಿಗುತ್ತವೆ. ಶನಿವಾರ ನಾನು ಅಂಗಡಿಗೆ ಪಂಚೆಯಲ್ಲೇ ಹೋಗುತ್ತೇನೆ. ಗಿರಾಕಿಗಳು ಯಾರೂ ವಾಪಸ್ ಹೋಗಿಲ್ಲ.

ಮಾಲೂರು ಮೇಷ್ಟ್ರು

ಪಂಚೆಯನ್ನು ನಾನು ಯಾವತ್ತೂ ಬೇಡ ಅಂದಿಲ್ಲ ಸ್ವಾಮಿ. ಆ ರೈತರಿಗೆ ಆದದ್ದು ಅನ್ಯಾಯವೇ. ನಾನು ಹೇಳಿದ್ದು ಹರಕು ಮುರುಕಾಗಿ ಹೊರಗೆ ಬರುವ ಅಭ್ಯಾಸದ ಬಗ್ಗೆ. ಟೈಲರ್ ಅವರು ಭುಜದ ವಿಷಯ ಹೇಳಿದರಲ್ಲ, ಅದು ನನಗೆ ಹಿಡಿಸಿತು. ಸಡಿಲವೂ ಇರಲಿ, ಅಚ್ಚುಕಟ್ಟೂ ಇರಲಿ.

ಶ್ರೀನಿವಾಸಪುರ ತೋಟ

ಆಫೀಸಿನವರ ಮಾತೇ ಆಯಿತು. ಹೊಲದಲ್ಲಿ ದುಡಿಯುವ ಹೆಂಗಸರ ಬಟ್ಟೆ ಬಗ್ಗೆಯೂ ಹೇಳುತ್ತೇನೆ.

ನಮ್ಮಮ್ಮ ಟೊಮೆಟೊ ಕೀಳೋಕೆ ಹೋಗುವಾಗ ಸೀರೆ ಮೇಲೆ ಅಪ್ಪನ ಹಳೇ ತುಂಬುತೋಳಿನ ಶರ್ಟು ಹಾಕುತ್ತಾರೆ. ತಲೆಗೆ ಟವೆಲ್. ನಮ್ಮ ಕಡೆ ಎಲ್ಲಾ ಹೊಲದಲ್ಲೂ ಇದೇ ನೋಟ. ಯಾವ ಅಂಗಡಿಯವರೂ ಇವರಿಗೆ ಅಂತ ಬಟ್ಟೆ ಮಾಡಲಿಲ್ಲ, ಇವರೇ ಮಾಡಿಕೊಂಡರು. ಟೊಮೆಟೊ ಗಿಡ ಮುಟ್ಟಿದವರಿಗೆ ಗೊತ್ತು, ಕೈಗೆ ಹಸಿರು ಅಂಟು ಹತ್ತಿ ಆಮೇಲೆ ಕಪ್ಪಗಾಗುತ್ತದೆ. ರವಿಕೆ ತೋಳು ಬರಿದಾಗಿದ್ದರೆ ಮೊಣಕೈವರೆಗೂ ಅದೇ, ಜೊತೆಗೆ ತುರಿಕೆ. ಶರ್ಟಿಗೆ ಜೇಬಿದೆ, ಫೋನು, ಎಲೆ ಅಡಿಕೆ ಇಡೋಕೆ ಜಾಗ. ಗುಂಡಿ ಬಿಚ್ಚಿದರೆ ಗಾಳಿ. ಬಿಸಿಲು ಚರ್ಮಕ್ಕೆ ಬೀಳುವುದಿಲ್ಲ.

ಆದರೆ ಔಷಧಿ ಹೊಡೆದ ದಿನ ಹಾಕಿದ ಶರ್ಟನ್ನು ಮನೆಯವರ ಬಟ್ಟೆ ಜೊತೆ ನೆನೆಸಬೇಡಿ. ಬೇರೆ ಬಕೆಟ್, ಬೇರೆ ನೀರು, ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಿದ ಮೇಲೆಯೇ ಮತ್ತೆ ಹಾಕಬೇಕು. ಮಗುವನ್ನು ಎತ್ತಿಕೊಳ್ಳುವ ಮುಂಚೆ ಆ ಶರ್ಟು ಬಿಚ್ಚಿಡಬೇಕು. ನಮ್ಮ ಮನೆಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಮಾಡುತ್ತೇವೆ.

ಈ ಸಲ ಅಮ್ಮನಿಗೆ ಅಂತಲೇ ಎರಡು ಶರ್ಟು ಹೊಲಿಸಿದೆ. ಅವರದೇ ಅಳತೆ, ಎರಡು ದೊಡ್ಡ ಜೇಬು, ಕಾಲರ್ ಎತ್ತರ. ಮೊದಲ ಸಲ ಹಾಕಿದಾಗ ಪಕ್ಕದ ತೋಟದವರೆಲ್ಲ ಬಂದು ಮುಟ್ಟಿ ನೋಡಿದರು. ಗಂಡಸರ ಹಳೇ ಬಟ್ಟೆಯೇ ಇವರಿಗೆ ಸಾಕು ಅಂತ ನಾವೇಕೆ ಬಿಟ್ಟಿದ್ದೆವೋ.

ಕೆಜಿಎಫ್ ಸಿಸ್ಟರ್

ಮೆಮು ಅಕ್ಕ, ನೀವು ಮೊದಲು ಬರೆದ ಲಾಡಿ ಉರಿ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ನರ್ಸ್, ಅದಕ್ಕೇ ಹೇಳುತ್ತಿದ್ದೇನೆ.

ಒಳಲಂಗದ ದಾರವನ್ನು ದಿನಾ ಒಂದೇ ಜಾಗಕ್ಕೆ ಬಿಗಿದು ಕಟ್ಟಿದರೆ ಚರ್ಮ ಕಪ್ಪಾಗುತ್ತದೆ, ಸಿಪ್ಪೆ ಏಳುತ್ತದೆ, ಕೆಲವರಿಗೆ ಹುಣ್ಣೂ ಆಗುತ್ತದೆ. ಹಳ್ಳಿಯಿಂದ ಬರುವ ವಯಸ್ಸಾದ ಹೆಂಗಸರ ಸೊಂಟ ನೋಡಿದರೆ ಸುತ್ತ ಗೆರೆ ಎಳೆದ ಹಾಗಿರುತ್ತದೆ. ಅದನ್ನು ಕಾಯಿಲೆ ಅಂತ ಅವರು ಹೇಳುವುದೇ ಇಲ್ಲ. 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಂಥ ಇಬ್ಬರು ಹಿರಿಯ ಮಹಿಳೆಯರ ಬಗ್ಗೆ ಬರೆದಿದ್ದರು. ಬಿಗಿಯಾಗಿ ಕಟ್ಟಿದ ಜಾಗದ ಹುಣ್ಣು ವಾಸಿಯಾಗದೆ ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ಇದು ತುಂಬಾ ಅಪರೂಪ, ಹೆದರಬೇಡಿ. ಆದರೆ ವಾರಗಟ್ಟಲೆ ಆರದ ಹುಣ್ಣನ್ನು ಸುಮ್ನೆ ಅರಿಶಿನ ಹಚ್ಚಿ ಬಿಡಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ.

ಮಾಡಬಹುದಾದದ್ದು ಸುಲಭ. ದಾರದ ಬದಲು ಅಗಲ ಪಟ್ಟಿ ಹಾಕಿಸಿ. ಗಂಟು ಒಂದು ದಿನ ಸ್ವಲ್ಪ ಮೇಲೆ, ಒಂದು ದಿನ ಕೆಳಗೆ ಬರಲಿ. ಮನೆಗೆ ಬಂದ ತಕ್ಷಣ ಬಿಚ್ಚಿ ಸಡಿಲದ್ದು ಹಾಕಿಕೊಳ್ಳಿ, ಅಡುಗೆ ಆಮೇಲೆ.

ಗಂಡಸರಿಗೂ ಒಂದು ಮಾತು. ಬೆಲ್ಟು, ಜೀನ್ಸು ಬಿಗಿಯಾಗಿದ್ದು ತೊಡೆಯ ಹೊರಭಾಗ ಜುಮ್ಮೆನ್ನುತ್ತಿದ್ದರೆ, ಮರಗಟ್ಟಿದ್ದರೆ, ಅದು ತೊಡೆಸಂದಿಯ ಹತ್ತಿರ ಹಾದುಹೋಗುವ ನರ ಒತ್ತಿಕೊಂಡದ್ದರಿಂದ ಆಗಿರಬಹುದು. ಸಾಮಾನ್ಯವಾಗಿ ಸಡಿಲ ಮಾಡಿದರೆ ಕಡಿಮೆಯಾಗುತ್ತದೆ.

ಲೆಗ್ಗಿನ್ಸ್ ಕಡಿತ ಅಂದಿರಿ. ಬೆವರು, ಬಿಸಿ, ಉಜ್ಜಾಟ ಮೂರೂ ಸೇರಿದರೆ ಹುಳುಕಡ್ಡಿಗೆ ಅನುಕೂಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ಎರಡು ದಿನ ಕಡಿತ ನಿಲ್ಲುತ್ತದೆ, ಆಮೇಲೆ ಸೋಂಕು ಇನ್ನೂ ಹರಡುತ್ತದೆ. ಡಾಕ್ಟರ್ ಹೇಳದೆ ಹಚ್ಚಬೇಡಿ. ಒಳಉಡುಪು ಪೂರ್ತಿ ಒಣಗಿದ ಮೇಲೇ ಹಾಕಿ, ಮಳೆಗಾಲದಲ್ಲಿ ಇಸ್ತ್ರಿ ಮಾಡಿ ಹಾಕಿ. ಟವೆಲ್ ಒಬ್ಬೊಬ್ಬರಿಗೆ ಬೇರೆ ಇರಲಿ.

ಕಪ್ಪು ಕೋಟು

ನಾನು ಕೋಲಾರದ ಕೋರ್ಟಿನಲ್ಲಿ ವಕೀಲ. ಏಪ್ರಿಲ್ ಬಿಸಿಲಿಗೆ ಕಪ್ಪು ಕೋಟು ಹಾಕಿ ಸಾಕ್ಷಿ ವಿಚಾರಣೆ ಮಾಡುವುದು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮದಲ್ಲೇ, ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಕೋಟು ಕಡ್ಡಾಯ ಅಲ್ಲ ಅಂತ ಇದೆ. 2024ರ ಬೇಸಿಗೆಯಲ್ಲಿ ನಮ್ಮ ಹೈಕೋರ್ಟ್ ಕೂಡ ಜಿಲ್ಲಾ ಮತ್ತು ವಿಚಾರಣಾ ನ್ಯಾಯಾಲಯಗಳಿಗೆ ಮೇ ಕೊನೆಯವರೆಗೆ ವಿನಾಯಿತಿ ಕೊಟ್ಟಿತ್ತು. ಬಿಳಿ ಶರ್ಟು, ಕತ್ತಿಗೆ ಕಟ್ಟುವ ಬ್ಯಾಂಡ್ ಅಷ್ಟರಲ್ಲೇ ಕೆಲಸ ನಡೆಯಿತು. ಯಾರ ಗೌರವವೂ ಕಡಿಮೆಯಾಗಲಿಲ್ಲ, ಮೇಷ್ಟ್ರೇ. ನ್ಯಾಯಾಲಯವೇ ಹವಾಮಾನ ನೋಡಿ ನಿಯಮ ಸಡಿಲಿಸಬಹುದಾದರೆ ಶಾಲೆಗಳೂ ಮಾಡಬಹುದು. ಮಾರ್ಚ್ ತಿಂಗಳಲ್ಲಿ ಟೈ, ಬೂಟು, ಸಾಕ್ಸು ಹಾಕಿ ಆಟೋದಲ್ಲಿ ಇಕ್ಕಟ್ಟಾಗಿ ಕೂತು ಹೋಗುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ.

ನರಸಾಪುರ ಶಿಫ್ಟ್

ಫ್ಯಾಕ್ಟರಿಯಲ್ಲಿ ನಮಗೆ ಮೇಲೆ ಕಂಪನಿ ಕೋಟು ಇರುತ್ತದೆ. ಒಳಗೆ ನಾನು ಹತ್ತಿ ಟೀಶರ್ಟು, ಜೇಬಿರುವ ಕಾಟನ್ ಪ್ಯಾಂಟು ಹಾಕುತ್ತೇನೆ. ನಿಂತು ಮಾಡುವ ಕೆಲಸ. ಮುಟ್ಟಿನ ದಿನಗಳಲ್ಲಿ ಸೊಂಟದಲ್ಲಿ ಬಿಗಿ ಇದ್ದರೆ ನಿಲ್ಲೋಕೇ ಆಗುವುದಿಲ್ಲ, ಆಗ ಒಂದು ಸೈಜ್ ದೊಡ್ಡ ಪ್ಯಾಂಟು. ರಾತ್ರಿ ಶಿಫ್ಟ್ ಬಸ್ಸಿನಲ್ಲಿ ಡಿಸೆಂಬರ್ ಚಳಿಗೆ ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಅಂಗಿ ಮೇಲು, ಬಿಸಿಯಾದರೆ ಒಂದು ತೆಗೆಯಬಹುದು.

ಅಕ್ಕ ಸ್ಕೂಟರಿನಲ್ಲಿ ಹೋಗುತ್ತಾರೆ, ಅದಕ್ಕೇ ಹೇಳುತ್ತೇನೆ. ವೇಲ್ ಕತ್ತಿಗೆ ಸುತ್ತಿ ಹಿಂದೆ ಇಳಿಬಿಡಬೇಡಿ. ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಬೈಕಿನಲ್ಲಿ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರಕ್ಕೆ ರಕ್ಷಣೆ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಎಷ್ಟೋ ಹುಡುಗರು ಚೆಂದಕ್ಕೆ ಅಂತ ಸೀರೆ ಗಾರ್ಡ್ ಬಿಚ್ಚಿಸಿರುತ್ತಾರೆ. ಅಮ್ಮನನ್ನು ಹಿಂದೆ ಕೂರಿಸಿಕೊಳ್ಳುವವರು ದಯವಿಟ್ಟು ವಾಪಸ್ ಹಾಕಿಸಿ.

ಮನೆಯಲ್ಲಿ ನೈಟಿಯೇ ಆರಾಮ, ಅದರಲ್ಲಿ ಮಾತಿಲ್ಲ. ಆದರೆ ಒಲೆ ಮುಂದೆ ನಿಲ್ಲುವಾಗ ಪಾಲಿಯೆಸ್ಟರ್ ನೈಟಿ ಬೇಡ. ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯದೂ ಹೊತ್ತಿಕೊಳ್ಳುತ್ತದೆ, ಹಾಗಾಗಿ ಯಾವುದೇ ಆದರೂ ಅಗಲ ತೋಳು ಬೇಡ.

ಬಂಗಾರಪೇಟೆ ಮೆಮು

ಇಷ್ಟೊಂದು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಸಿಸ್ಟರ್ ಹೇಳಿದ್ದನ್ನು ಓದಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರಿಗೂ ಸೊಂಟದಲ್ಲಿ ಕಪ್ಪು ಗೆರೆ ಇದೆಯಂತೆ, ನೋವಿಲ್ಲವಂತೆ. ಈ ಭಾನುವಾರ ಹೋಗಿ ಅವರ ಒಳಲಂಗಗಳಿಗೆಲ್ಲ ಅಗಲ ಪಟ್ಟಿ ಹಾಕಿಸುತ್ತೇನೆ.

ನನಗೆ ಈಗ ಮನಸ್ಸಿಗೆ ಬಂದಿರುವುದು ಹೀಗಿದೆ. ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬರುವ ಹತ್ತಿ ಕುರ್ತಾ, ಹಿಂದೆ ಎಲಾಸ್ಟಿಕ್ ಇರುವ ನೇರ ಪ್ಯಾಂಟು, ವೇಲ್ ಇಲ್ಲ. ಆಫೀಸಿನಲ್ಲಿ ಮೀಟಿಂಗ್ ಇದ್ದರೆ ಮೇಲೊಂದು ಖಾದಿ ಜಾಕೆಟ್. ಟೈಲರ್ ಅಣ್ಣ, ಇದಕ್ಕೆ ಯಾವ ಬಟ್ಟೆ ತರಲಿ, ಎಷ್ಟು ತರಲಿ? ಎರಡು ಕಡೆಯೂ ಜೇಬು ಬೇಕೇ ಬೇಕು. ಟಿಕೆಟ್, ಫೋನು, ಕೀ ಎಲ್ಲ ಬ್ಯಾಗಿನಲ್ಲಿ ಹುಡುಕಿ ಸಾಕಾಗಿದೆ.

ದೊಡ್ಡಪೇಟೆ ಟೈಲರ್

ಕುರ್ತಾಗೆ ಕೇಂಬ್ರಿಕ್ ತನ್ನಿ, ಒತ್ತಾಗಿ ನೇಯ್ದ ನುಣುಪು ಹತ್ತಿ ಬಟ್ಟೆ ಅದು. ಮಲ್ ಬಟ್ಟೆ ತಣ್ಣಗಿರುತ್ತದೆ, ಆದರೆ ತೀರಾ ತೆಳು, ಒಳಗೆ ಲೈನಿಂಗ್ ಬೇಕಾಗುತ್ತದೆ, ಆಗ ಬಿಸಿ ಅದೇ ಆಯಿತು. ಬಣ್ಣದ್ದು ತಂದರೆ ಬೆವರಿನ ಕಲೆ ಕಾಣದ ಸಣ್ಣ ಪ್ರಿಂಟು ಆರಿಸಿ. ಪ್ಯಾಂಟಿಗೆ ಸ್ವಲ್ಪ ದಪ್ಪ ಇರುವ ಹತ್ತಿ, ಓರೆ ಗೆರೆ ಕಾಣುವ ಟ್ವಿಲ್ ನೇಯ್ಗೆಯದು. ಸೀಟ್ ಹತ್ತಿರ ಬೇಗ ಸವೆಯುವುದಿಲ್ಲ.

ಕುರ್ತಾಗೆ ಎಲ್ಲರೂ ಎರಡೂವರೆ ಮೀಟರ್ ತರುತ್ತಾರೆ. ನೀವು ಮೂರು ತನ್ನಿ. ಜೇಬಿಗೆ ಅದೇ ಬಟ್ಟೆ ಬೇಕು, ನೆನೆಸಿದಾಗ ಕುಗ್ಗುವುದೂ ಇದೆ. ಜೇಬು ಪಕ್ಕದ ಹೊಲಿಗೆಯಲ್ಲಿ, ಪಕ್ಕದ ಸೀಳು (ಸ್ಲಿಟ್) ಶುರುವಾಗುವುದಕ್ಕಿಂತ ಮೇಲೆ ಬರಬೇಕು. ಫೋನು ಇಡುವ ಜೇಬು ನಿಮ್ಮ ಅಂಗೈಗಿಂತ ನಾಲ್ಕು ಬೆರಳು ಆಳ ಇರಲಿ, ಸ್ಕೂಟರಿನಲ್ಲಿ ಕೂತಾಗ ಜಾರಿ ಬೀಳುವುದಿಲ್ಲ. ಪ್ಯಾಂಟಿನ ಜೇಬನ್ನು ಸ್ವಲ್ಪ ಮುಂದಕ್ಕೆ ಓರೆಯಾಗಿ ಹಾಕಿಸಿ, ಕುರ್ತಾ ಎತ್ತದೆ ಕೈ ಹೋಗುತ್ತದೆ. ಮೊದಲು ಒಂದೇ ಜೊತೆ ಹೊಲಿಸಿ, ಒಂದು ವಾರ ರೈಲಿಗೆ ಹಾಕಿಕೊಂಡು ಹೋಗಿ. ಎಲ್ಲಿ ಎಳೆಯುತ್ತದೆ ಅಂತ ಗುರುತು ಹಾಕಿಕೊಂಡು ಬನ್ನಿ. ಅದನ್ನು ಸರಿ ಮಾಡಿಸಿದ ಮೇಲೆ ಉಳಿದ ಬಟ್ಟೆ ಕತ್ತರಿಸಲು ಕೊಡಿ.